ಮೊಳೆಗೆ ನೇತುಹಾಕಿದ ಸೀಟಿ

ಅಘನಾಶಿನಿ ಬಾಯಿ, ಐದನೇ ಕಟ್ಟೆ
ಕಟ್ಟೆವರ್ಷ ನೂರ ಹದಿನೇಳು, ಜುಲೈ ನಲವತ್ತನಾಲ್ಕು

ಮಾತೋಶ್ರೀ ಸಮಾನರಾದ ಶಶಿಪ್ರಭಾ ಅಜ್ಜಿಯವರ ಪಾದಗಳಿಗೆ ಸಾತಮ್ಮ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಹೊಳೆಯ ಕೆಂಪುನೀರು ಇಳಿಯುವವರೆಗೆ ಜುಲೈ ಮುಗಿಯುವುದಿಲ್ಲ. ಆಮೇಲೆ ದಿನಗಳೇನಾದರೂ ಮಿಕ್ಕಿದರೆ ಅವು ಆಗಸ್ಟಿನ ಪಾಲು. ಒಂದೊಂದು ವರ್ಷ ಆಗಸ್ಟ್ ಎಂಬುದು ಬರೀ ಒಂದು ವಾರ ಇರುತ್ತದೆ, ಆ ತಿಂಗಳಲ್ಲಿ ಹುಟ್ಟಿದವರು ವರ್ಷವೆಲ್ಲ ಗೊಣಗುತ್ತಾರೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಂತೆ ತೋರಬಹುದು. ಹೊಸ ಮಾತು ಬಂದ ಕಡೆ ಬಿಡಿಸಿ ಹೇಳುತ್ತೇನೆ, ಕ್ಷಮೆಯಿರಲಿ. ನಾನು ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು. ಹಾಗಿದ್ದರೂ ನನಗೀಗ ಐವತ್ತಾರು, ಉಳಿಚಿತ್ರದಲ್ಲಿ ನಿಮಗೆ ನಲವತ್ತೂ ಆದಂತಿಲ್ಲ. ಅಜ್ಜಿ ಎನ್ನಲೋ ತಂಗಿ ಎನ್ನಲೋ ಎಂದು ಒಂದು ಗಳಿಗೆ ಯೋಚಿಸಿ, ಕೊನೆಗೆ ಪದ್ಧತಿಯನ್ನೇ ಹಿಡಿದೆ.

ಉಳಿಚಿತ್ರ ಎಂದರೆ ನೀವು ವಿಡಿಯೊ ಎನ್ನುತ್ತಿದ್ದದ್ದು. ನಿಮ್ಮ ಕಾಲದ್ದರಲ್ಲಿ ಬಹುಪಾಲು ಅಳಿದುಹೋಯಿತು. ಮನೆ, ಮದುವೆ, ಬೆಕ್ಕು, ಊಟ ಎಲ್ಲ ಹೋದವು. ಏನು ಪುಣ್ಯವೋ, ನೀವು ಕಾರವಾರದ ವಿಮಾ ಕಚೇರಿಯ ಶಾಖೆಗೆ ಮುಖ್ಯಸ್ಥೆಯಾಗಿದ್ದಾಗ ದಿನಾ ಬೆಳಿಗ್ಗೆ ಮಾಡಿ ಹಾಕುತ್ತಿದ್ದ ‘ದಿನಕ್ಕೊಂದು ಮೆಟ್ಟಿಲು’ ಮಾತ್ರ ನಮ್ಮ ಮನೆತನದಲ್ಲಿ ಕೈಯಿಂದ ಕೈಗೆ ದಾಟಿ ಬಂದಿದೆ. ನೀಲಿ ಸೀರೆ, ಹಿಂದೆ ಒಂದು ಕ್ಯಾಲೆಂಡರು, ಮುಂದೆ ಬಿಸಿನೀರಿನ ಲೋಟ. ಐದಕ್ಕೆ ಏಳಿ ಎನ್ನುತ್ತೀರಿ. ಹಿಂದಿನ ರಾತ್ರಿಯೇ ಚಪ್ಪಲಿ ಒರೆಸಿಡಿ ಎನ್ನುತ್ತೀರಿ. ಮಾಡಿದ ತಪ್ಪನ್ನು ಬೆಳಿಗ್ಗೆಯೇ ಹೇಳಿಬಿಡಿ, ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಕಾಲು ಬರುತ್ತದೆ ಎನ್ನುತ್ತೀರಿ. ನನ್ನ ಆಯಿ ನನಗೆ ಲಾಲಿ ಹಾಡಿದ್ದು ನೆನಪಿಲ್ಲ, ಇವನ್ನು ಹೇಳಿಕೊಟ್ಟದ್ದು ಚೆನ್ನಾಗಿ ನೆನಪಿದೆ. ಇಂದಿಗೂ ನಾನು ಐದಕ್ಕೇ ಏಳುತ್ತೇನೆ. ಬಿಸಿನೀರು ಮಾತ್ರ ನನ್ನಿಂದ ಆಗಲಿಲ್ಲ, ಚಹಾ ಬೇಕು.

ಇನ್ನೂ ಒಂದು ಮಾತನ್ನು ನೀವು ಪದೇ ಪದೇ ಹೇಳುತ್ತೀರಿ. ನೀವು ಒಂದು ದಿನ ರಜೆ ಹಾಕಿದರೆ ಕಚೇರಿ ಕುಂಟಬೇಕು, ಹಾಗೆ ದುಡಿಯಿರಿ ಎಂದು. ಅದನ್ನು ಹೇಳುತ್ತಿರುವಾಗಲೇ ನಿಮ್ಮ ಫೋನು ಬಡಿದುಕೊಳ್ಳುತ್ತದೆ. ಆಗ ನೀವು ನಕ್ಕು, ನೋಡಿದಿರಾ, ನಾನಿಲ್ಲದೆ ಐದು ನಿಮಿಷ ನಡೆಯುವುದಿಲ್ಲ ಎನ್ನುತ್ತೀರಿ. ಆ ನಗು ನನಗೆ ಬಹಳ ಇಷ್ಟವಾಗಿತ್ತು. ನನ್ನ ಮೂವತ್ತು ವರ್ಷದ ದುಡಿಮೆಯೆಲ್ಲ ಆ ನಗುವಿಗಾಗಿಯೇ ಎಂದರೆ ಸುಳ್ಳಲ್ಲ. ಈ ಪತ್ರವೂ ಅದರ ಬಗ್ಗೆಯೇ.

ಮೊದಲು ನನ್ನ ಕೆಲಸ ಯಾವುದೆಂದು ಹೇಳಬೇಕು. ನಿಮ್ಮ ಕಾಲದಲ್ಲಿ ಸಮುದ್ರ ಎಲ್ಲಿಗೆ ನಿಲ್ಲುತ್ತಿತ್ತೋ ಈಗ ಅಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಹೊಳೆಯ ಬಾಯಿಗೆ ಅಡ್ಡವಾಗಿ ಏಳು ಕಟ್ಟೆಗಳಿವೆ, ಕಟ್ಟೆಗಳಲ್ಲಿ ಬಾಗಿಲುಗಳಿವೆ. ಇಳಿತದಲ್ಲಿ ಬಾಗಿಲು ಎತ್ತಿ ಹೊಳೆಯ ನೀರನ್ನು ಹೊರಗೆ ಬಿಡಬೇಕು, ಭರತಿಯಲ್ಲಿ ಬಾಗಿಲು ಇಳಿಸಿ ಸಮುದ್ರವನ್ನು ಹೊರಗೇ ನಿಲ್ಲಿಸಬೇಕು. ಒಳಗೆ ಕಗ್ಗದ ಗದ್ದೆಗಳಿವೆ, ಮನೆಗಳಿವೆ. ಕಗ್ಗ ಉಪ್ಪು ತಡೆಯುವ ಭತ್ತವೇ ಹೌದು, ಆದರೆ ಸಮುದ್ರವನ್ನೇ ತಂದು ಹೊಯ್ದರೆ ಅದೂ ಸಾಯುತ್ತದೆ. ಬಾಗಿಲು ಕಾಯುವವರನ್ನು ನೀರಾಳು ಎನ್ನುತ್ತೇವೆ. ಐದನೇ ಕಟ್ಟೆಗೆ ನಾನು ಹಿರಿಯ ನೀರಾಳು. ಲೆಕ್ಕ ಹಾಕುವ ಯಂತ್ರ ನಮ್ಮಲ್ಲೂ ಉಂಟು, ಅದು ತನ್ನ ಅಭಿಪ್ರಾಯ ಹೇಳುತ್ತದೆ, ನಾವು ಗೌರವದಿಂದ ಕೇಳಿಸಿಕೊಳ್ಳುತ್ತೇವೆ. ಬಾಗಿಲು ಇಳಿಸುವ ಹೊತ್ತನ್ನು ಮಾತ್ರ ಮನುಷ್ಯರೇ ಹೇಳಬೇಕೆಂದು ಕಾನೂನಿದೆ. ಹಿರಿಯ ನೀರಾಳಿನ ಕೊರಳಲ್ಲಿ ಒಂದು ಸೀಟಿ ಇರುತ್ತದೆ. ಅದನ್ನು ಊದಿದರೆ ಯಾರೂ ಮರುಮಾತಾಡದೆ ಬಾಗಿಲು ಇಳಿಸಬೇಕು.

ಹಿಂದೆ ಇದೇ ಕಟ್ಟೆಯಲ್ಲಿ ಹಮ್ಮಣ್ಣ ಎಂಬ ಹಿರಿಯ ನೀರಾಳು ಇದ್ದರಂತೆ. ನೀರಿನ ಬಣ್ಣ ನೋಡಿಯೇ ಘಟ್ಟದ ಮೇಲೆ ಎಲ್ಲಿ ಮಳೆಯಾಗಿದೆ ಎನ್ನುತ್ತಿದ್ದರಂತೆ. ಅವರಿಲ್ಲದೆ ಒಂದು ಹಲಗೆಯೂ ಅಲುಗುತ್ತಿರಲಿಲ್ಲ. ಒಂದು ಹುಣ್ಣಿಮೆಯ ಭರತಿಗೆ ಅವರು ಜ್ವರದಲ್ಲಿ ಮಲಗಿಬಿಟ್ಟರು. ಉಳಿದವರು ಬಾಗಿಲ ಹತ್ತಿರ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಹೆಡ್ಡರಲ್ಲ, ಎಲ್ಲರೂ ಕೆಲಸ ಬಲ್ಲವರೇ. ಹಮ್ಮಣ್ಣ ಹೇಳದೆ ಹೇಗೆ ಇಳಿಸುವುದು ಎಂದು ಅವರ ಮನೆಗೆ ಆಳು ಕಳಿಸಿದರು. ಆಳು ತಿರುಗಿ ಬರುವ ಹೊತ್ತಿಗೆ ಕಟ್ಟೆ ಒಡೆದು ಒಂದು ಕೇರಿ ಹೋಗಿತ್ತು. ಈಗಲೂ ನಮ್ಮಲ್ಲಿ ಎಲ್ಲದಕ್ಕೂ ಒಬ್ಬರನ್ನೇ ಕರೆಯುವ ಮನೆಯನ್ನೋ ಕಚೇರಿಯನ್ನೋ ಕಂಡರೆ, ಇಲ್ಲಿ ಹಮ್ಮಣ್ಣನಿಗೆ ಜ್ವರ ಬರುವುದೊಂದು ಬಾಕಿ ಎನ್ನುತ್ತಾರೆ. ನಿಮ್ಮ ಶಾಖೆಯನ್ನು ನೋಡಿದ್ದರೆ ಇಲ್ಲಿಯವರು ಖಂಡಿತ ಹಾಗೇ ಹೇಳುತ್ತಿದ್ದರು, ಬೇಸರಿಸಬೇಡಿ.

ಅಂದಿನಿಂದ ಬಂದ ಪದ್ಧತಿ ಬಾಯ್ಗಟ್ಟು. ಮೇಲಿನ ಹುದ್ದೆಗೆ ಹೋಗಬೇಕೆನ್ನುವವರು ಮಳೆಗಾಲದಲ್ಲಿ ಒಂದು ತಿಂಗಳು ತಮ್ಮದೇ ಕಟ್ಟೆಯಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಎಲ್ಲವನ್ನೂ ನೋಡಬಹುದು. ಏನನ್ನೂ ಹೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಬರೆದು ತೋರಿಸುವಂತಿಲ್ಲ. ಕೆಮ್ಮಿದರೂ ಮಾತೇ. ಮೂರನೇ ಕಟ್ಟೆಯ ಒಬ್ಬರಿಗೆ ಆ ತಿಂಗಳೇ ನಿಜವಾದ ನೆಗಡಿಯಾಗಿ, ಕುರ್ಚಿ ಸಮೇತ ಹೊರಗೆ ಹೊತ್ತುಹಾಕಿದರು. ಸೀಟಿಯನ್ನು ಕೊರಳಿಂದ ತೆಗೆದು, ಕುರ್ಚಿಯ ಪಕ್ಕದ ಗೋಡೆಯಲ್ಲಿ ಕೈಗೆ ಸಿಗುವ ಎತ್ತರದಲ್ಲೇ ಮೊಳೆಗೆ ನೇತುಹಾಕುತ್ತಾರೆ. ಪ್ರಾಣಕ್ಕೆ ಬಂದರೆ ಊದಿ ಎಂದು. ಪ್ರಾಣಕ್ಕೆ ಬಾರದಿದ್ದಾಗ ಊದಿದರೆ ಆ ವರ್ಷದ ಬಾಯ್ಗಟ್ಟು ಮುರಿಯಿತು. ಮೂರು ಸಲ ಮುರಿದರೆ ಮತ್ತೆ ಕೂರಲು ಕೇಳುವಂತಿಲ್ಲ. ಬದುಕಿರುವವರಿಗೆ ಒಂದಕ್ಷರ ಬರೆಯಬಾರದು ಎಂಬ ನಿಯಮದಲ್ಲಿ ತೀರಿಕೊಂಡವರ ಪ್ರಸ್ತಾಪ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮಾತಾಡದೆ ನನ್ನ ಹೊಟ್ಟೆ ಉಬ್ಬಿಹೋಗಿದೆ.

ನಾನು ಎರಡು ಸಲ ಮುರಿದವಳು. ಇದು ಊರಿಗೆಲ್ಲ ಗೊತ್ತಿರುವ ವಿಷಯ, ಮುಚ್ಚಿಡುವಂಥದ್ದೇನಿಲ್ಲ. ಮೊದಲ ಸಲ ಸುಳಿವಾಗಲೆಂದು ನೀರಿನ ನಕ್ಷೆಯ ಮೇಲೆ ಸರಿಯಾದ ಜಾಗ ನೋಡಿ ಚಹಾದ ಲೋಟ ಇಟ್ಟೆ. ಸಿಕ್ಕಿಬಿದ್ದೆ. ಕಳೆದ ವರ್ಷ ಸೀಟಿಯನ್ನೇ ಊದಿದೆ. ಬಾಗಿಲು ಇಳಿಯಿತು, ಯಾರಿಗೂ ಏನೂ ಆಗಲಿಲ್ಲ, ನಾನು ಹೇಳಿದ್ದೇ ಸರಿಯಿತ್ತೆಂದು ನನ್ನ ನಂಬಿಕೆ. ಆದರೆ ಅಂದು ಹೊತ್ತು ನೋಡುವ ಕೆಲಸದಲ್ಲಿ ಇದ್ದವಳು ಮಾದೇವಿ, ನನ್ನ ಕೈಕೆಳಗೆ ಹತ್ತು ವರ್ಷ ಪಳಗಿದ, ಮೀನು ಹಿಡಿಯುವ ಹರಿಕಂತ್ರರ ಹೆಣ್ಣು. ಆ ದಿನದಿಂದ ಅವಳು ಪ್ರತಿ ಭರತಿಗೂ ಮೊದಲು ನನ್ನ ಮುಖ ನೋಡತೊಡಗಿದಳು. ನೀರನ್ನು ನೋಡುವ ಮೊದಲು ನನ್ನ ಮುಖವನ್ನು. ಅದೊಂದು ನನಗೆ ಇಂದಿಗೂ ಚುಚ್ಚುತ್ತದೆ.

ಈ ಸಲ ನನಗೆ ಎರಡು ಬೇಕು. ಏಳೂ ಕಟ್ಟೆಗಳ ಮೇಲ್ವಿಚಾರಣೆಯ ಹುದ್ದೆ ಬೇಕು. ಅದನ್ನು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಹೊಸಬಳಾಗಿ ಸೇರಿದ ದಿನದಿಂದ ಮೇಲ್ವಿಚಾರಕರ ಕೋಣೆಯ ಕಿಟಕಿಯನ್ನು ನೋಡುತ್ತ ಬಂದಿದ್ದೇನೆ. ಎರಡನೆಯದು, ಮಾದೇವಿ ನನ್ನ ಮುಖ ನೋಡುವುದನ್ನು ಬಿಡಬೇಕು. ಒಂದು ಸಿಕ್ಕರೆ ಇನ್ನೊಂದೂ ಸಿಗುವ ಹಾಗೆ ಈ ಪದ್ಧತಿ ಮಾಡಿದವರು ಗಟ್ಟಿಗರು.

ತಿಂಗಳು ಹೇಗೆ ಕಳೆಯಿತೆಂದು ಹೇಳಬೇಕಲ್ಲ. ಮೊದಲ ವಾರ ಕೈಗಳನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಜಟ್ಟಣ್ಣ, ನಮ್ಮಲ್ಲಿ ಬಾಗಿಲಿನ ಸರಪಳಿ ನೋಡಿಕೊಳ್ಳುವವರು, ಹರಿದ ಬಲೆಯೊಂದನ್ನು ತಂದು ಮಾತಿಲ್ಲದೆ ತೊಡೆಯ ಮೇಲೆ ಹಾಕಿ ಹೋದರು. ಅದನ್ನು ಹೆಣೆಯುತ್ತ ಕೂತೆ. ನಾನು ಹೆಣೆದ ಬಲೆಯಲ್ಲಿ ಮೀನಲ್ಲ, ಮೊಸಳೆಯೂ ಆರಾಮಾಗಿ ತಪ್ಪಿಸಿಕೊಂಡೀತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವವರನ್ನು ಒಮ್ಮೆ ಈ ಕುರ್ಚಿಯಲ್ಲಿ ಕೂರಿಸಬೇಕು. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ಅವರ ಮಾತು ಕಿವಿಗೆ ಬೀಳುತ್ತದೆ. ಜಟ್ಟಣ್ಣ ಹಾಡು ಗುನುಗುತ್ತಾರೆಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಮಾದೇವಿ ನೀರಿನ ಬಗ್ಗೆ ಹುಡುಗರ ಹತ್ತಿರ ಪ್ರಶ್ನೆ ಕೇಳುತ್ತಾಳೆ, ಉತ್ತರ ತಪ್ಪಿದರೂ ಕೇಳಿಸಿಕೊಳ್ಳುತ್ತಾಳೆ. ನಾನಾದರೆ ಅರ್ಧಕ್ಕೇ ತಿದ್ದಿಬಿಡುತ್ತಿದ್ದೆ. ನನ್ನ ಜೊತೆ ದುಡಿದವರಿಗೆ ಇಷ್ಟೆಲ್ಲ ಮಾತು ಬರುತ್ತದೆಂದು ತಿಳಿಯಲು ನನ್ನ ಬಾಯಿ ಮುಚ್ಚಬೇಕಾಯಿತು.

ನಾಳೆ ಅಮಾವಾಸ್ಯೆ. ದೊಡ್ಡ ಭರತಿ, ಮಧ್ಯಾಹ್ನದ ಮುಂಚೆ. ಘಟ್ಟದ ಮೇಲೆ ಎರಡು ದಿನದಿಂದ ಮಳೆ ಬಿಟ್ಟಿಲ್ಲ, ಹೊಳೆ ತುಂಬಿ ಬರುತ್ತಿದೆ. ಬಾಯ್ಗಟ್ಟಿನ ಕೊನೆಯ ದಿನವೂ ನಾಳೆಯೇ. ಇಲ್ಲಿಗೆ ನಿಲ್ಲಿಸುತ್ತೇನೆ, ಮುಂದಿನದು ಏನಾಯಿತೆಂದು ನೋಡಿಕೊಂಡು ಬರೆಯುತ್ತೇನೆ.

ಜುಲೈ ನಲವತ್ತೈದು, ಸಂಜೆ

ಅಜ್ಜಿ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ.

ಬೆಳಿಗ್ಗೆ ಇಳಿತದಲ್ಲಿ ಬಾಗಿಲು ಎತ್ತಿದರು. ಹೊಳೆಯ ನೀರು ಕೆಂಪಗೆ ನುಗ್ಗಿ ಹೊರಗೆ ಹೋಗುತ್ತಿತ್ತು. ಆಮೇಲೆ ಸಮುದ್ರ ಏರಲು ತೊಡಗಿತು. ಹೊರಗೆ ನೀರಿನ ಅಳತೆಗೆ ನೆಟ್ಟ ಕಂಬಗಳಲ್ಲಿ ಮೂರನೆಯದಕ್ಕೆ ನೊರೆ ಮುಟ್ಟಿದ ಕೂಡಲೇ ನಾನು ಬಾಗಿಲು ಇಳಿಸುತ್ತೇನೆ. ಇದು ನನ್ನ ಮೂವತ್ತು ವರ್ಷದ ಪಾಠ, ಮಾದೇವಿಗೂ ಅದನ್ನೇ ಕಲಿಸಿದ್ದೇನೆ. ನೊರೆ ಮೂರನೇ ಕಂಬಕ್ಕೆ ಮುಟ್ಟಿತು. ಮಾದೇವಿ ಬಾಗಿಲು ಇಳಿಸಲಿಲ್ಲ. ಒಳಗಿನ ನೀರನ್ನು ನೋಡಿ ಬಂದಳು, ಹೊರಗಿನದನ್ನು ನೋಡಿದಳು. ಸರಪಳಿಯ ಹತ್ತಿರ ನಿಂತ ಜಟ್ಟಣ್ಣ ಕೂಗಿ ಕೇಳಿದ್ದಕ್ಕೆ, “ತಡಿ ಜಟ್ಟಣ್ಣ, ಒಳಗಿನ್ ನೀರು ಇನ್ನೂ ಮೇಲದೆ. ಇದ್ನ ಈಗ್ಲೇ ಕಟ್ಟಿ ಹಾಕಿರೆ ಹೊಳೆ ಬದಿ ಮೇಲ್ಕೇರಿ ಮನೆಗೆಲ್ಲ ನುಗ್ತದೆ. ಹೋಪಷ್ಟು ಹೋಗ್ಲಿ” ಎಂದಳು. ಯಂತ್ರವೂ ಇಳಿಸಿ ಎಂದೇ ಹೇಳುತ್ತಿತ್ತು. ಅವಳು ಅದಕ್ಕೂ ತಲೆಯಾಡಿಸಿ ಮತ್ತೆ ಒಳಗಿನ ನೀರು ನೋಡಲು ಹೋದಳು.

ನನಗೆ ಮೈಯೆಲ್ಲ ಬೆಂಕಿ. ಇವಳು ಕೆಡಿಸುತ್ತಾಳೆ, ಈಗಲೇ ಇಳಿಸಬೇಕು ಎಂದು ಮನಸ್ಸು ಅರಚುತ್ತಿತ್ತು. ನೊರೆ ನಾಲ್ಕನೇ ಕಂಬಕ್ಕೆ ಬಂತು. ನಾನು ಎದ್ದೆ. ಮೊಳೆಯಿಂದ ಸೀಟಿ ತೆಗೆದೆ. ಬಾಯಿಗೂ ಇಟ್ಟೆ, ಅಜ್ಜಿ. ನಾಲಿಗೆಗೆ ತುಕ್ಕಿನ ರುಚಿ ತಗುಲಿತು. ಪ್ರಾಣಕ್ಕೆ ಬಂದಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಬಂದಿರಲಿಲ್ಲ. ಗದ್ದೆಗೆ ಬಂದಿತ್ತು, ನನ್ನ ಹೆಸರಿಗೆ ಬಂದಿತ್ತು, ನಾನು ಕಲಿಸಿದ ಪಾಠಕ್ಕೆ ಬಂದಿತ್ತು. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೂಗಿನಲ್ಲಿ ಉಸಿರಾಡುತ್ತ ನಿಂತೆ. ಯಾರಾದರೂ ನೋಡಿದ್ದರೆ ಮುದುಕಿಗೆ ಭೂತ ಮೆಟ್ಟಿದೆ ಎನ್ನುತ್ತಿದ್ದರು. ಯಾರೂ ನೋಡಲಿಲ್ಲ.

ಕೊನೆಗೆ ಒಳಗಿನ ನೀರೂ ಹೊರಗಿನ ನೀರೂ ಒಂದೇ ಸಮಕ್ಕೆ ಬಂದಾಗ ಮಾದೇವಿ ಕೈ ಎತ್ತಿದಳು, ಬಾಗಿಲು ಇಳಿಯತೊಡಗಿತು. ಆದರೆ ಹೊಳೆ ಒಂದು ತೆಂಗಿನ ಬೊಡ್ಡೆಯನ್ನು ತೇಲಿಸಿಕೊಂಡು ಬಂದಿತ್ತು. ಅದು ದಕ್ಷಿಣದ ಬಾಗಿಲಿನ ಅಡಿಗೆ ಸಿಕ್ಕಿಕೊಂಡಿತು. ಬಾಗಿಲು ಪೂರ್ತಿ ಕೂರಲಿಲ್ಲ. ಜಟ್ಟಣ್ಣ ಮತ್ತು ಇಬ್ಬರು ಹಗ್ಗ ಹಾಕಿ ಬೊಡ್ಡೆಯನ್ನು ಎಳೆದು ಬಿಡಿಸುವಷ್ಟರಲ್ಲಿ ಸಮುದ್ರ ಆ ಸಂದಿಯಿಂದ ಒಳಗೆ ಬಂದು ತಗ್ಗಿನ ಗದ್ದೆಗಳಿಗೆ ಹರಿಯಿತು. ಮೇಲ್ಕೇರಿಯ ಒಂದು ಹೊಸಿಲೂ ನೆನೆಯಲಿಲ್ಲ. ಕೆಳಗಿನ ನಾಲ್ಕಾರು ಮನೆಯವರ ಸಸಿ ಉಪ್ಪು ಕುಡಿಯಿತು.

ನಾನು ಅಂದುಕೊಂಡ ಹೊತ್ತಿಗೆ ಇಳಿಸಿದ್ದರೆ ಗದ್ದೆ ಉಳಿಯುತ್ತಿತ್ತು, ಬಹುಶಃ ಮನೆಗಳಿಗೆ ನೀರು ನುಗ್ಗುತ್ತಿತ್ತು. ಇಲ್ಲವೇ ಎರಡೂ ಉಳಿಯುತ್ತಿದ್ದವೋ ಏನೋ. ಇನ್ನು ಅದು ಯಾರಿಗೂ ತಿಳಿಯುವುದಿಲ್ಲ. ನನ್ನದೇ ಸರಿ ಎಂದು ಸಾಧಿಸಲು ಒಂದು ಸಾಕ್ಷಿಯಾದರೂ ಸಿಕ್ಕೀತೇ ಎಂದು ಬಹಳ ಹೊತ್ತು ನೀರನ್ನು ದಿಟ್ಟಿಸಿದೆ. ಸಿಗಲಿಲ್ಲ.

ಮಾದೇವಿ ಮಾಡಿದ್ದನ್ನು ಕೇಳಿ. ಬಾಗಿಲು ಭದ್ರವಾದ ಕೂಡಲೇ ಬುತ್ತಿಯನ್ನೂ ಬಿಚ್ಚದೆ, ಮಂಡಿತನಕ ಕೆಸರಿನಲ್ಲಿ ತಗ್ಗಿನ ಮನೆಗಳಿಗೆ ಹೋದಳಂತೆ. “ಬಾಗ್ಲು ತಡ ಮಾಡಿ ಇಳ್ಸೂಕೆ ಹೇಳದ್ದು ನಾನು. ಬೊಡ್ಡೆ ಬಪ್ಪುದು ನನ್ ಲೆಕ್ಕದಲ್ಲಿ ಇರ್ಲಿಲ್ಲ. ಸಂಜೆ ಇಳಿತಕ್ಕೆ ಸಿಹಿನೀರು ಹಾಯ್ಸಿ ಗದ್ದೆ ತೊಳ್ಕೊಡ್ತೆ, ನಮ್ಮೋರೆಲ್ಲ ಬತ್ರು” ಎಂದಳಂತೆ. ಜಟ್ಟಣ್ಣ ಬಂದು ಇದನ್ನು ಎಲ್ಲರಿಗೂ ಹೇಳುತ್ತಿದ್ದರು. ನನಗೆ ತಟ್ಟನೆ ನಿಮ್ಮ ನೀಲಿ ಸೀರೆ ನೆನಪಾಯಿತು. ತಪ್ಪಿಗೆ ಮಧ್ಯಾಹ್ನ ಕಾಲು ಬರುವ ಮೊದಲೇ ಹೇಳಿಬಿಡಿ ಎಂದವರು ನೀವು, ಅದನ್ನು ಮಾದೇವಿಗೆ ಕಲಿಸಿದವಳು ನಾನು. ನಿಮ್ಮ ಒಂದು ಮೆಟ್ಟಿಲು ಜಾರಿದರೂ ಎಲ್ಲವೂ ಜಾರಲಿಲ್ಲ, ಅಜ್ಜಿ. ಇದು ಇಷ್ಟು ದೂರ ಬಂದು ಗಟ್ಟಿಯಾಗಿ ನಿಂತಿತು.

ಅವಳು ಮರಳಿ ಬಂದ ಮೇಲೆ ಎಲ್ಲರೂ ನಕ್ಷೆಯ ಸುತ್ತ ನಿಂತರು. ಬೊಡ್ಡೆ ತಡೆಯಲು ಮೇಲುಗಡೆ ಬಲೆ ಕಟ್ಟಬೇಕೆಂದು ಒಬ್ಬರು, ದಕ್ಷಿಣದ ಬಾಗಿಲನ್ನು ಮೊದಲು ಇಳಿಸಬೇಕೆಂದು ಇನ್ನೊಬ್ಬರು. ಮಾದೇವಿ ಮುಂದಿನ ಭರತಿಗೆ ಹೊತ್ತು ಗೊತ್ತುಮಾಡಿದಳು. ಅದು ಅವಳು ಇಂದು ಇಳಿಸಿದ್ದಕ್ಕಿಂತ ಬೇಗ, ನಾನು ಇಳಿಸುತ್ತಿದ್ದುದಕ್ಕಿಂತ ತಡ. ಅಷ್ಟು ಹೊತ್ತೂ ನನ್ನ ಕುರ್ಚಿಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ, ನಿಮ್ಮ ಹತ್ತಿರ ಏನು ಮುಚ್ಚುಮರೆ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದುಕೊಂಡು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟಳಲ್ಲ ಆ ಮುದುಕಿ, ಮರುದಿನ ದೂರದಲ್ಲಿ ಕೂತು ಅದೇ ಊರಿನ ಮೇಲೆ ಬಿಸಿಲು ಬಿದ್ದದ್ದನ್ನು ನೋಡಿದಾಗ ಅವಳಿಗೆ ಹೇಗಾಗಿರಬೇಕೆಂದು ಯಾರೂ ಕತೆಯಲ್ಲಿ ಹೇಳುವುದಿಲ್ಲ. ನನಗೆ ಇಂದು ಗೊತ್ತಾಯಿತು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಬಂದು, ಸೀಟಿಯನ್ನು ಸೆರಗಿನಲ್ಲಿ ಒರೆಸಿ ಮೊಳೆಗೆ ತೂಗುಹಾಕಿದೆ. ಆಗ ನಿಧಾನವಾಗಿ ಸಂತೋಷವೂ ಬಂತು. ಬೆಳೆಯುವುದು ಎಂದರೆ ನನ್ನ ಮಟ್ಟಿಗೆ ಇದೇ ಆಗಿರುವುದಾದರೆ, ಇದನ್ನು ನಾನು ಪೂರ್ತಿ ಮಾಡಿಯೇ ತೀರುತ್ತೇನೆ. ಮೇಲಿನ ಕೋಣೆಗೆ ಹೋದ ಮೇಲೆ ಅಲ್ಲೂ ಮೊದಲ ದಿನವೇ ಗೋಡೆಗೆ ಒಂದು ಮೊಳೆ ಹೊಡೆಯುತ್ತೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ಆ ಉಳಿಚಿತ್ರದಲ್ಲಿ ನಿಮ್ಮ ಫೋನು ಬಡಿದುಕೊಳ್ಳುತ್ತದಲ್ಲ, ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈಚೆಗೆ ನೋಡಿದಾಗ ನಗುವಿನ ಹಿಂದೆಯೇ ನಿಮ್ಮ ಕಣ್ಣಿನ ಕೆಳಗಿನ ಕಪ್ಪು ಕಂಡಿತು. ಕರೆ ಮಾಡಿದವರು ಯಾರೋ ತಿಳಿಯದು. ಬಹುಶಃ ಕೆಲಸ ಬಲ್ಲವರೇ, ನಿಮ್ಮ ಮುಖ ನೋಡುವುದು ರೂಢಿಯಾದವರು. ಮುಂದಿನ ಸಲ ಅದು ಬಡಿದುಕೊಳ್ಳಲಿ, ಎತ್ತಬೇಡಿ. ಬಿಸಿನೀರು ಆರುವ ಮೊದಲು ಕುಡಿಯಿರಿ. ಅವರು ತಡಬಡಾಯಿಸುತ್ತಾರೆ, ಏನೋ ಒಂದು ಮಾಡುತ್ತಾರೆ, ಸ್ವಲ್ಪ ಕೆಡಿಸಲೂಬಹುದು. ಆ ದಿನ ನಿಮಗೆ ಅಳು ಬಂದರೆ ಹಿತ್ತಲಿಗೆ ಹೋಗಿ ಅತ್ತುಬಿಡಿ, ನಾನೂ ಅತ್ತಿದ್ದೇನೆ.

ನಾಳೆ ಬೆಳಿಗ್ಗೆ ನನ್ನ ಬಾಯಿ ಬಿಚ್ಚುತ್ತಾರೆ. ಪದ್ಧತಿಯಂತೆ ಮೇಲಿನ ಹುದ್ದೆಗೆ ಹೋಗುವ ಮುನ್ನ ಒಂದು ದಿನ, ನನ್ನ ಜಾಗಕ್ಕೆ ಬರುವ ಮಾದೇವಿಯ ಕೈಕೆಳಗೆ ಇದೇ ಕಟ್ಟೆಯಲ್ಲಿ ದುಡಿಯಬೇಕು. ಬಾಯ್ಗಟ್ಟು ಮುಗಿಸಿದವರ ಮೊದಲ ಮಾತನ್ನು ಊರು ಬಹಳ ಕಾಲ ನೆನಪಿಡುತ್ತದೆ, ಎಲ್ಲರೂ ಕಾದು ನಿಂತಿರುತ್ತಾರೆ. ತಿಂಗಳೆಲ್ಲ ಕೂತು ನಾನು ಒಂದು ದೊಡ್ಡ ಉಪದೇಶವನ್ನೇ ಸಿದ್ಧಮಾಡಿಕೊಂಡಿದ್ದೆ, ಮೂರನೇ ಕಂಬದ ವಿಷಯ ಅದರಲ್ಲಿ ಮೊದಲಿಗೇ ಇತ್ತು. ಅದನ್ನು ಬಿಟ್ಟುಬಿಟ್ಟೆ. ಸೀಟಿಯನ್ನು ಮೊಳೆಯಿಂದ ತೆಗೆದು ಅವಳ ಕೊರಳಿಗೆ ಹಾಕಿ, ಇಷ್ಟನ್ನೇ ಕೇಳುತ್ತೇನೆ:

“ಮಾದೇವಿ, ನಾ ಎಲ್ಲಿ ನಿಂತ್ಕಳ್ಳಲಿ?”

ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು,
ಸಾತಮ್ಮ